ಒಬ್ಬ ಕೈದಿಗೆ ಒಂದು ಕೋಣೆ: ಟೊಕ್ವಿಲ್ ಕೇಳಿದ್ದು, ಫ್ರಾನ್ಸ್ ಇನ್ನೂ ಕೊಡದಿರುವುದು

ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿಟ್ಟರೆ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದಿ ಹೋಗುತ್ತದೆ ಎಂದು ನಮ್ಮ ಕಡೆ ನಂಬುತ್ತಿದ್ದರು. ಫ್ರಾನ್ಸಿನ ಸಂಸತ್ತು ತನ್ನ ಜೈಲುಗಳ ಬಾಗಿಲ ಮೇಲೆ ಇಂಥದೇ ಒಂದು ಬರಹ ಬರೆದಿಟ್ಟು ಒಂದೂವರೆ ಶತಮಾನವಾಯಿತು. ಪ್ರತಿ ಕೈದಿಗೂ ರಾತ್ರಿ ಮಲಗಲು ಅವನದೇ ಆದ ಒಂದು ಕೋಣೆ ಇರಬೇಕು ಎಂಬುದು ಅಲ್ಲಿನ ಕಾನೂನು. ವಿಚಾರಣಾಧೀನ ಕೈದಿಗಳಿಗೆ ಮತ್ತು ಅಲ್ಪಾವಧಿ ಶಿಕ್ಷೆಯವರಿಗೆ ಈ ನಿಯಮ ಬಂದದ್ದು 1875ರ ಜೂನ್ 5ರ ಕಾಯ್ದೆಯಲ್ಲಿ. 2000ದಲ್ಲಿ ಮತ್ತೊಂದು ಕಾಯ್ದೆ ವಿಚಾರಣಾಧೀನರ ಈ ಹಕ್ಕನ್ನು ಎತ್ತಿಹಿಡಿದು ಮೂರು ವರ್ಷದ ಗಡುವು ಕೊಟ್ಟಿತು. 2003ರಲ್ಲಿ ಗಡುವು ಮುಂದಕ್ಕೆ ಹೋಯಿತು. 2009ರ ಕಾರಾಗೃಹ ಕಾಯ್ದೆ ಐದು ವರ್ಷ ಕೇಳಿತು. 2014ರಲ್ಲಿ 2019ರ ಕೊನೆಯವರೆಗೆ, ಆಮೇಲೆ 2022ರ ಕೊನೆಯವರೆಗೆ, ಈಗ 2027ರ ಡಿಸೆಂಬರ್ 31ರವರೆಗೆ.

2025ರ ಜುಲೈ 1ರ ಲೆಕ್ಕದಂತೆ ಫ್ರಾನ್ಸಿನ ಜೈಲುಗಳಲ್ಲಿ 84,951 ಮಂದಿ ಇದ್ದರು, ಇದ್ದ ಜಾಗ 62,509. ಐದು ಸಾವಿರಕ್ಕೂ ಹೆಚ್ಚು ಜನ ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಮಲಗುತ್ತಿದ್ದರು.

ಈ ‘ಕೋಣೆ’ಯ ಬೇಡಿಕೆಯನ್ನು ಫ್ರಾನ್ಸಿನ ರಾಜಕೀಯದ ನಡುಮನೆಗೆ ತಂದವರಲ್ಲಿ ಮೊದಲಿಗರು ಇಬ್ಬರು ಯುವ ನ್ಯಾಯಾಂಗ ಅಧಿಕಾರಿಗಳು: ಅಲೆಕ್ಸಿ ದ ಟೊಕ್ವಿಲ್ ಮತ್ತು ಗುಸ್ತಾವ್ ದ ಬೊಮೊಂ. ಟೊಕ್ವಿಲ್ ಎಂದರೆ ಅಮೆರಿಕದ ಪ್ರಜಾಪ್ರಭುತ್ವದ ಬಗ್ಗೆ ಬರೆದವನು ಎಂದಷ್ಟೇ ನಮ್ಮ ರಾಜ್ಯಶಾಸ್ತ್ರದ ಪಠ್ಯಗಳು ಹೇಳುತ್ತವೆ. ಅವನು ಅಮೆರಿಕಕ್ಕೆ ಹೋದದ್ದು ಜೈಲು ನೋಡಲು. ಹೋಗಿ ಬಂದು ಮೊದಲು ಪ್ರಕಟಿಸಿದ್ದೂ ಜೈಲಿನ ವರದಿಯನ್ನೇ.

ವರದಿಗೆ ಹೋಗುವ ಮೊದಲು ಇಂದಿನ ಲೆಕ್ಕದಲ್ಲಿರುವ ಒಂದು ಮೋಸವನ್ನು ನೋಡಿಬಿಡೋಣ. ಫ್ರಾನ್ಸಿನ ಆಡಳಿತ ಎಣಿಸುವುದು ‘ಜಾಗ’ವನ್ನು, ಕೋಣೆಯನ್ನಲ್ಲ. 1988ರ ಒಂದು ಸುತ್ತೋಲೆಯ ಪ್ರಕಾರ 11 ಚದರ ಮೀಟರ್‌ವರೆಗಿನ ಕೋಣೆ ಒಂದು ಜಾಗ. ಅದಕ್ಕಿಂತ ದೊಡ್ಡದಾದರೆ ಎರಡು, 14 ದಾಟಿದರೆ ಮೂರು. ಹೀಗಾಗಿ ಅಷ್ಟೂ ಜಾಗಕ್ಕೆ ಸರಿಯಾಗಿ ಅಷ್ಟೇ ಜನ ಬಂದರೂ ಎಲ್ಲರಿಗೂ ಪ್ರತ್ಯೇಕ ಕೋಣೆ ಸಿಗುವುದಿಲ್ಲ. ಶೇ 100 ಭರ್ತಿ ಎಂಬುದೇ ಕಾನೂನು ಕೇಳುವ ಸ್ಥಿತಿಗಿಂತ ಕೆಳಗಿನದು.

ಎರಡನೆಯದು, ಈ ಭಾರ ಎಲ್ಲ ಜೈಲುಗಳ ಮೇಲೂ ಸಮನಾಗಿ ಬೀಳುವುದಿಲ್ಲ. ದೀರ್ಘ ಶಿಕ್ಷೆಯವರನ್ನಿಡುವ ಜೈಲುಗಳು ಭರ್ತಿಯಾದರೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ಕಾನೂನಿನಲ್ಲಿ ಬರೆದಿಲ್ಲ, ಆದರೆ ರೂಢಿ ಹಾಗಿದೆ. ಉಕ್ಕಿದ್ದೆಲ್ಲ ‘ಮೇಜೋಂ ದಾರೆ’ ಎಂಬ ಸ್ಥಳೀಯ ಜೈಲುಗಳಿಗೆ ಹರಿಯುತ್ತದೆ. ವಿಚಾರಣಾಧೀನರು ಮತ್ತು ಎರಡು ವರ್ಷದೊಳಗಿನ ಶಿಕ್ಷೆಯವರು ಅಲ್ಲೇ ಇರುವುದು. ನ್ಯಾಯಾಧೀಶರು ಕಳಿಸಿದವರನ್ನು ‘ಜಾಗವಿಲ್ಲ’ ಎಂದು ಈ ಜೈಲುಗಳು ತಿರುಗಿ ಕಳಿಸುವ ಹಾಗಿಲ್ಲ. ಅದಕ್ಕೇ ದೇಶದ ಒಟ್ಟು ಸರಾಸರಿ ಶೇ 136ರಷ್ಟಿದ್ದಾಗ ಇವುಗಳಲ್ಲಿ ಶೇ 160 ದಾಟಿತ್ತು. ವಿಚಿತ್ರ ನೋಡಿ: 1875ರಲ್ಲಿ ಯಾರಿಗೆ ಮೊದಲು ಪ್ರತ್ಯೇಕ ಕೋಣೆ ಕೊಡಬೇಕು ಎಂದು ಬರೆದರೋ ಅವರೇ ಇವತ್ತು ಅತಿ ಹೆಚ್ಚು ಕಿಕ್ಕಿರಿದಿರುವವರು. ತಪ್ಪಿತಸ್ಥರೆಂದು ಇನ್ನೂ ತೀರ್ಮಾನವಾಗದವರು ನೆಲದ ಮೇಲೆ, ಘೋರ ಅಪರಾಧಕ್ಕೆ ಶಿಕ್ಷೆಯಾದವರು ಒಂಟಿ ಕೋಣೆಯಲ್ಲಿ.

ಟೊಕ್ವಿಲ್ ಹುಟ್ಟಿದ್ದು 1805ರ ಜುಲೈ 29ರಂದು, ಪ್ಯಾರಿಸ್ಸಿನಲ್ಲಿ, ನಾರ್ಮಂಡಿಯ ಒಂದು ಶ್ರೀಮಂತ ಮನೆತನದಲ್ಲಿ. ಆ ಮನೆಗೆ ಜೈಲು ಹೊಸದಲ್ಲ. ತಾಯಿಯ ಅಜ್ಜ ಮಾಲ್‌ಜೆರ್ಬ್ ದೊರೆ ಹದಿನಾರನೇ ಲೂಯಿಯ ಪರ ವಕಾಲತ್ತು ವಹಿಸಿದವರು; 1794ರಲ್ಲಿ ಗಿಲೋಟಿನ್‌ಗೆ ತಲೆ ಕೊಟ್ಟರು. ಟೊಕ್ವಿಲ್‌ನ ತಂದೆ ತಾಯಿ ಅದೇ ಹೊತ್ತಿಗೆ ಸೆರೆಯಲ್ಲಿದ್ದರು, ಕ್ರಾಂತಿ ಸರ್ಕಾರದ ನಾಯಕ ರೋಬೆಸ್ಪಿಯರ್ ಬಿದ್ದದ್ದರಿಂದ ಬದುಕಿದರು. ಇಪ್ಪತ್ತರ ಆಸುಪಾಸಿನ ತಂದೆಯ ಕೂದಲು ಆ ಕೆಲವೇ ತಿಂಗಳಲ್ಲಿ ಪೂರ್ತಿ ನೆರೆತಿತ್ತು.

1827ರಲ್ಲಿ ವರ್ಸೇಲ್ಸ್ ನ್ಯಾಯಾಲಯದಲ್ಲಿ ಕಿರಿಯ ಹುದ್ದೆ ಸಿಕ್ಕಿತು. ಅಲ್ಲಿ ಸರ್ಕಾರಿ ಅಭಿಯೋಜಕನ ಸಹಾಯಕನಾಗಿದ್ದ ಬೊಮೊಂ ಮೂರು ವರ್ಷ ದೊಡ್ಡವನು. ಇಬ್ಬರೂ ಒಂದೇ ಮನೆಯಲ್ಲಿ ಬಾಡಿಗೆಗಿದ್ದರು. 1830ರ ಜುಲೈ ಕ್ರಾಂತಿಯಲ್ಲಿ ದೊರೆ ಬದಲಾದ. ಹೊಸ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿದ್ದಕ್ಕೆ ಮನೆಯವರು ಮುಖ ತಿರುಗಿಸಿದರು, ಮಾಡಿದ ಮೇಲೂ ಸರ್ಕಾರ ಪೂರ್ತಿ ನಂಬಲಿಲ್ಲ. ಕೆಲಕಾಲ ದೇಶ ಬಿಟ್ಟಿರುವುದೇ ಲೇಸು ಎನ್ನಿಸಿತು. ಅಮೆರಿಕದ ಹೊಸ ಜೈಲು ಪದ್ಧತಿಯನ್ನು ನೋಡಿಬರುತ್ತೇವೆ, ಖರ್ಚು ನಮ್ಮದೇ ಎಂದು ಅರ್ಜಿ ಹಾಕಿದರು. ಖರ್ಚಿಲ್ಲದ ಅಧ್ಯಯನಕ್ಕೆ ಯಾವ ಸರ್ಕಾರ ಬೇಡ ಎನ್ನುತ್ತದೆ? ಹದಿನೆಂಟು ತಿಂಗಳ ರಜೆ ಸಿಕ್ಕಿತು, ಸಂಬಳವಿಲ್ಲದೆ. 1831ರ ಏಪ್ರಿಲ್ 2ರಂದು ಲ ಹಾವ್ರ್ ಬಂದರಿನಿಂದ ಹೊರಟು ಮೇ ತಿಂಗಳಲ್ಲಿ ಅಮೆರಿಕ ಮುಟ್ಟಿದರು.

ಜೈಲು ಅವರಿಗೆ ನೆಪ ಮಾತ್ರವಾಗಿತ್ತು ಎಂದು ಬರೆಯುವವರಿದ್ದಾರೆ. ನೆಪವೇ ಇರಬಹುದು. ಆದರೆ ನೆಪಕ್ಕಾಗಿ ಹೋದವರು ಕಲ್ಲುಗಣಿಯ ಬಿಸಿಲಲ್ಲಿ ನಿಂತು ಕೈದಿಗಳನ್ನೂ ಕಾವಲುಗಾರರನ್ನೂ ಎಣಿಸುವುದಿಲ್ಲ.

ಅವರು ಎಣಿಸಿದ್ದು ಹಡ್ಸನ್ ನದಿಯ ದಂಡೆಯ ಸಿಂಗ್ ಸಿಂಗ್ ಜೈಲಿನಲ್ಲಿ. 900 ಕೈದಿಗಳು ಬಯಲಿನ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದರು, ಕಾಲಿಗೆ ಸಂಕೋಲೆ ಇಲ್ಲ, ಸುತ್ತ ಗೋಡೆ ಇಲ್ಲ. ಕಾವಲಿಗೆ ಬರೀ 30 ಮಂದಿ. ಯಾರೂ ಓಡಿಹೋಗುತ್ತಿರಲಿಲ್ಲ. ಕಾರಣ, ಕೈದಿಗಳು ಒಬ್ಬರಿಗೊಬ್ಬರು ಮಾತಾಡುವ ಹಾಗಿರಲಿಲ್ಲ, ಸನ್ನೆ ಮಾಡುವ ಹಾಗೂ ಇರಲಿಲ್ಲ. ಮಾತಾಡಿದರೆ ಅಲ್ಲೇ ಚಾಟಿ. 30 ಜನ ಒಟ್ಟಾಗಿದ್ದರು, 900 ಜನ ಒಬ್ಬೊಬ್ಬರಾಗಿದ್ದರು. ಮುಂದೆ ಟೊಕ್ವಿಲ್ ತನ್ನ ದೊಡ್ಡ ಗ್ರಂಥದಲ್ಲಿ, ಜನರನ್ನು ಬಿಡಿಬಿಡಿಯಾಗಿಸುವುದರಲ್ಲೇ ದಬ್ಬಾಳಿಕೆಯ ಬಲವಿದೆ ಎಂದು ವಾದಿಸುತ್ತಾನೆ. ಆ ಯೋಚನೆಗೆ ಕಲ್ಲು ಸಿಕ್ಕಿದ್ದು ಈ ಗಣಿಯಲ್ಲೇ ಎಂಬುದು ನನ್ನ ಗುಮಾನಿ. ವರದಿಯಲ್ಲೇ ಅವರು ಈ ವೈರುಧ್ಯವನ್ನು ಮುಚ್ಚಿಡದೆ ಬರೆದರು: ಅತಿ ವಿಶಾಲ ಸ್ವಾತಂತ್ರ್ಯದ ಈ ದೇಶದಲ್ಲಿ ಜೈಲುಗಳು ಮಾತ್ರ ಪರಿಪೂರ್ಣ ಸರ್ವಾಧಿಕಾರದ ನೋಟ.

ಸಿಂಗ್ ಸಿಂಗ್ ನಡೆಯುತ್ತಿದ್ದದ್ದು ‘ಆಬರ್ನ್ ಪದ್ಧತಿ’ಯಲ್ಲಿ: ರಾತ್ರಿ ಒಂಟಿ ಕೋಣೆ, ಹಗಲು ಒಟ್ಟಿಗೆ ಮೌನದ ದುಡಿಮೆ. ಕೋಣೆ 7 ಅಡಿ ಉದ್ದ, 3 ಅಡಿ 3 ಅಂಗುಲ ಅಗಲ. ಅಂದರೆ ಸುಮಾರು 2.1 ಚದರ ಮೀಟರ್, ಮಲಗುವುದಕ್ಕೆ ಮಾತ್ರ. ಈ ಅಳತೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಗಲಿನ ದುಡಿಮೆ ಸುಮ್ಮನೆ ಬಂದದ್ದಲ್ಲ. ನ್ಯೂಯಾರ್ಕ್ ರಾಜ್ಯದ ಆಬರ್ನ್ ಜೈಲಿನಲ್ಲಿ 1821ರಲ್ಲಿ 80 ಕೈದಿಗಳನ್ನು ಹಗಲೂ ರಾತ್ರಿ ಒಂಟಿ ಕೋಣೆಯಲ್ಲಿಟ್ಟರು, ಯಾವ ಕೆಲಸವನ್ನೂ ಕೊಡದೆ. ವರ್ಷದೊಳಗೆ ಐದು ಮಂದಿ ಸತ್ತರು, ಒಬ್ಬನಿಗೆ ಹುಚ್ಚು ಹಿಡಿಯಿತು. ಉಳಿದವರ ಸ್ಥಿತಿ ನೋಡಲಾಗದೆ ಗವರ್ನರ್ 26 ಮಂದಿಗೆ ಕ್ಷಮಾದಾನ ಕೊಟ್ಟ. ಅವರಲ್ಲಿ 14 ಮಂದಿ ಸ್ವಲ್ಪ ದಿನದಲ್ಲೇ ಹೊಸ ಅಪರಾಧ ಮಾಡಿ ವಾಪಸು ಬಂದರು. ಬರೀ ಒಂಟಿತನ ಮನುಷ್ಯನನ್ನು ಮುರಿಯುತ್ತದೆ, ತಿದ್ದುವುದಿಲ್ಲ ಎಂಬ ಪಾಠ ಇಷ್ಟು ದುಬಾರಿಯಾಗಿ ಸಿಕ್ಕಿತು.

ಆಬರ್ನ್‌ನಲ್ಲಿ ಮೌನದ ಪದ್ಧತಿಯನ್ನು ಬಿಗಿಗೊಳಿಸಿದವನು, ಅಲ್ಲಿಂದ ನೂರು ಕೈದಿಗಳನ್ನು ಕರೆತಂದು ಅವರ ಕೈಯಲ್ಲೇ ಸಿಂಗ್ ಸಿಂಗ್ ಕಟ್ಟಿಸಿದವನು ಎಲಾಮ್ ಲಿಂಡ್ಸ್. 1831ರ ಜುಲೈನಲ್ಲಿ ಈ ಇಬ್ಬರು ಅವನನ್ನು ಹುಡುಕಿಕೊಂಡು ಸಿರಕ್ಯೂಸ್ ಊರಿಗೆ ಹೋದಾಗ ಅವನು ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದ. ಚಾಟಿ ಇಲ್ಲದೆ ದೊಡ್ಡ ಜೈಲು ನಡೆಸಲಾಗದು ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಅವನ ಬಗ್ಗೆ ವರದಿಯಲ್ಲಿ ಒಂದು ಪ್ರಸಂಗವಿದೆ. ಸಿಕ್ಕ ಮೊದಲ ಅವಕಾಶದಲ್ಲೇ ಲಿಂಡ್ಸ್‌ನನ್ನು ಕೊಲ್ಲುತ್ತೇನೆ ಎಂದಿದ್ದನಂತೆ ಒಬ್ಬ ಕೈದಿ. ಲಿಂಡ್ಸ್ ಅವನನ್ನೇ ಕರೆಸಿ, ಕೈಗೆ ಕ್ಷೌರದ ಕತ್ತಿ ಕೊಟ್ಟು, ಗಡ್ಡ ಬೋಳಿಸಿಸಿಕೊಂಡ. ಮುಗಿದ ಮೇಲೆ, ನೀನು ನನ್ನನ್ನು ಕೊಲ್ಲಬೇಕೆಂದಿದ್ದದ್ದು ಗೊತ್ತಿತ್ತು, ಅಷ್ಟು ಧೈರ್ಯ ನಿನಗಿಲ್ಲವೆಂದೂ ಗೊತ್ತಿತ್ತು ಎಂಬರ್ಥದ ಮಾತು ಹೇಳಿ ಕಳಿಸಿದ. ಓದಲು ರೋಚಕ. ಆದರೆ ಇಂಥ ಒಬ್ಬ ಆಳಿನ ಮೇಲೆ ನಿಂತ ಪದ್ಧತಿಯನ್ನು ಇಡೀ ಫ್ರಾನ್ಸಿಗೆ ನಕಲು ಮಾಡುವುದು ಹೇಗೆ? ಲಿಂಡ್ಸ್‌ನನ್ನು ಹಡಗಿನಲ್ಲಿ ತರಬಹುದಿತ್ತೇನೋ, ಪ್ರತಿ ಜಿಲ್ಲೆಗೊಬ್ಬನನ್ನು ತರಲಾಗುತ್ತಿರಲಿಲ್ಲ.

ಫಿಲಡೆಲ್ಫಿಯಾದ ದಾರಿ ಬೇರೆ. ಅಲ್ಲಿನ ಚೆರ್ರಿ ಹಿಲ್ ಜೈಲು 1829ರಲ್ಲಿ ತೆರೆಯಿತು. ವಾಸ್ತುಶಿಲ್ಪಿ ಜಾನ್ ಹ್ಯಾವಿಲ್ಯಾಂಡ್ ನಡುವೆ ಒಂದು ಗೋಪುರ, ಅದರಿಂದ ಬಂಡಿಗಾಲಿಯ ಅರೆಕಾಲುಗಳಂತೆ ಹೊರಡುವ ಸಾಲುಗಳು ಎಂದು ನಕ್ಷೆ ಹಾಕಿದ್ದ. ಪ್ರತಿ ಕೋಣೆ ಸುಮಾರು 8 ಅಡಿಗೆ 12 ಅಡಿ, ಬೆಳಕಿಗೆ ಚಾವಣಿಯಲ್ಲೊಂದು ಕಿಂಡಿ, ಒಳಗೇ ಶೌಚ, ಹಿಂದೆ ಗೋಡೆ ಕಟ್ಟಿದ ಪುಟ್ಟ ಅಂಗಳ. ಕೈದಿ ಒಳಬಂದ ದಿನದಿಂದ ಬಿಡುಗಡೆಯವರೆಗೆ ಇನ್ನೊಬ್ಬ ಕೈದಿಯ ಮುಖ ನೋಡುವುದಿಲ್ಲ. ಕರೆತರುವಾಗ ತಲೆಗೆ ಮುಸುಕು ಹಾಕುತ್ತಿದ್ದರು. ನೇಯ್ಗೆ, ಚಪ್ಪಲಿ ಹೊಲಿಗೆ ಎಲ್ಲ ಕೋಣೆಯೊಳಗೇ.

1831ರ ಅಕ್ಟೋಬರ್‌ನಲ್ಲಿ ಟೊಕ್ವಿಲ್ ಇಲ್ಲಿ ಮಾಡಿದ ಕೆಲಸ ಆ ಕಾಲಕ್ಕೆ ಅಪರೂಪದ್ದು. ಕಾವಲುಗಾರರನ್ನು ಹೊರಗಿಟ್ಟು ಕೋಣೆ ಕೋಣೆಗೂ ಹೋಗಿ ಕೈದಿಗಳೊಂದಿಗೆ ಒಬ್ಬನೇ ಮಾತಾಡಿದ. ಹೆಸರು ಬರೆಯಲಿಲ್ಲ, ಸಂಖ್ಯೆ ಮಾತ್ರ. ಕೆಲಸವೇ ಇಲ್ಲದಿದ್ದರೆ ಸತ್ತೇಹೋಗುತ್ತಿದ್ದೆವು ಎಂಬ ಧಾಟಿಯ ಮಾತು ಮತ್ತೆ ಮತ್ತೆ ಬಂತು. ಕೆಲಸವಿಲ್ಲದ ಭಾನುವಾರವೇ ಅವರಿಗೆ ಭಾರ. ಒಬ್ಬ ಕೈದಿ ತನ್ನ ಅಂಗಳಕ್ಕೆ ಬಂದಿದ್ದ ಒಂದು ಜೀರುಂಡೆಯ ಸುದ್ದಿ ಹೇಳಿದ. ಜೊತೆಗೊಬ್ಬ ಸಂಗಾತಿ ಸಿಕ್ಕಂತಾಗಿತ್ತು ಅವನಿಗೆ. ಕೋಣೆಯೊಳಗೆ ಚಿಟ್ಟೆಯೋ ಇನ್ನೇನೋ ಬಂದರೆ ಅದಕ್ಕೆ ನೋವು ಮಾಡುವುದಿಲ್ಲ ಎಂದ.

ಮನೆಯವರ ಮಾತೆತ್ತಿದರೆ ಕೈದಿಗಳು ಅಳುತ್ತಿದ್ದರು. ಟೊಕ್ವಿಲ್ ಎಡವಿದ್ದು ಇಲ್ಲೇ ಎಂದು ನನಗನ್ನಿಸುತ್ತದೆ. ಆ ಕಣ್ಣೀರನ್ನು ಅವನು ಪಶ್ಚಾತ್ತಾಪದ ಗುರುತು ಎಂದು ಓದಿದ. ತಿಂಗಳುಗಟ್ಟಲೆ ಮನುಷ್ಯರ ಮುಖ ಕಾಣದವನು ಯಾರು ಬಂದು ದಯೆಯಿಂದ ಮಾತಾಡಿಸಿದರೂ ಅಳುತ್ತಾನೆ. ಹನ್ನೊಂದು ವರ್ಷದ ನಂತರ, 1842ರಲ್ಲಿ, ಅದೇ ಜೈಲಿಗೆ ಬಂದ ಚಾರ್ಲ್ಸ್ ಡಿಕನ್ಸ್ ಅಂಥದೇ ಮುಖಗಳನ್ನು ನೋಡಿ ತದ್ವಿರುದ್ಧ ತೀರ್ಮಾನಕ್ಕೆ ಬಂದ: ಇದು ದೇಹಕ್ಕೆ ಕೊಡುವ ಹಿಂಸೆಗಿಂತ ಕೆಟ್ಟದ್ದು.

ವರದಿಯ ಅತ್ಯಂತ ಗಟ್ಟಿ ಭಾಗ ಲೆಕ್ಕದ್ದು. ಫಿಲಡೆಲ್ಫಿಯಾದಲ್ಲಿ ಒಂದು ಕೋಣೆ ಕಟ್ಟಲು ಸುಮಾರು 1,600 ಡಾಲರ್ ಬಿದ್ದಿತ್ತು. ಕನೆಕ್ಟಿಕಟ್‌ನ ವೆದರ್ಸ್‌ಫೀಲ್ಡ್‌ನಲ್ಲಿ, ಆಬರ್ನ್ ಮಾದರಿಯಲ್ಲಿ, ಸುಮಾರು 150. ಹತ್ತು ಪಟ್ಟು ಅಂತರ. ಕಾರಣ ಸರಳ: ರಾತ್ರಿ ಮಲಗಲು ಮಾತ್ರವಾದರೆ ಸಣ್ಣ ಗೂಡು ಸಾಕು, ಮನುಷ್ಯ ಹಗಲೂ ರಾತ್ರಿ ಅಲ್ಲೇ ಬದುಕಬೇಕಾದರೆ ಗಾಳಿ, ಬೆಳಕು, ನೀರು, ಶೌಚ, ಅಂಗಳ, ಮಗ್ಗ ಎಲ್ಲಕ್ಕೂ ಜಾಗ ಬೇಕು.

1832ರಲ್ಲಿ ಮರಳಿದ ಮೇಲೆ ಟೊಕ್ವಿಲ್‌ಗೆ ಬರೆಯಲು ಮನಸ್ಸೇ ಬರಲಿಲ್ಲ. ಆ ಮೇ ತಿಂಗಳಲ್ಲಿ ಬೊಮೊಂ ಕೆಲಸ ಕಳೆದುಕೊಂಡ. ಒಂದು ರಾಜಕೀಯ ಮೊಕದ್ದಮೆಯಲ್ಲಿ ಸರ್ಕಾರಕ್ಕೆ ಬೇಕಾದಂತೆ ವಾದಿಸಲು ಒಪ್ಪದ್ದಕ್ಕೆ ವಜಾ. ಗೆಳೆಯನಿಗೆ ಹೀಗಾಯಿತೆಂದು ಟೊಕ್ವಿಲ್ ತಾನೂ ರಾಜೀನಾಮೆ ಬಿಸಾಕಿದ. ವರದಿಯ ಬಹುಪಾಲು ಬರೆದವನು ಬೊಮೊಂ. ಟೊಕ್ವಿಲ್ ಕೊಟ್ಟದ್ದು ಟಿಪ್ಪಣಿಗಳು, ತೂಲೋನ್‌ನ ಕಠಿಣ ಸಜೆಯ ಶಿಬಿರಕ್ಕೂ ಸ್ವಿಟ್ಜರ್ಲೆಂಡಿನ ಜೈಲುಗಳಿಗೂ ಹೋಗಿಬಂದ ವಿವರ. 1833ರಲ್ಲಿ ಪ್ರಕಟವಾದ ಪುಸ್ತಕಕ್ಕೆ ಫ್ರೆಂಚ್ ಅಕಾಡೆಮಿಯ ಮೊಂತ್ಯೋಂ ಪ್ರಶಸ್ತಿ ಬಂತು, ಅದೇ ವರ್ಷ ಇಂಗ್ಲಿಷಿಗೂ ಅನುವಾದವಾಯಿತು. ಇವತ್ತು ಈ ಪುಸ್ತಕ ಎಂದರೆ ಟೊಕ್ವಿಲ್ ಹೆಸರೇ ಮುಂದೆ ಬರುತ್ತದೆ. ಬೊಮೊಂಗೆ ಇದು ಅನ್ಯಾಯ. ಆದರೂ 1859ರಲ್ಲಿ ಗೆಳೆಯ ತೀರಿಕೊಂಡ ಮೇಲೆ ಅವನ ಕೃತಿಗಳನ್ನು ಸಂಪಾದಿಸಿ ಪ್ರಕಟಿಸಲು ತೊಡಗಿದವನೂ ಇವನೇ.

ವರದಿ ಯಾವ ಪದ್ಧತಿಯ ಪರ ಇತ್ತು? ಖರ್ಚಿನ ಕಾರಣಕ್ಕೆ ಆಬರ್ನ್ ಕಡೆಗೆ ವಾಲಿತ್ತು, ಆದರೆ ಅದಕ್ಕೇ ಪೂರ್ತಿ ಅಂಟಿಕೊಂಡಿರಲಿಲ್ಲ. ಜೈಲು ಮನುಷ್ಯನನ್ನು ಒಳಗಿಂದ ಬದಲಿಸುತ್ತದೆ ಎಂಬ ದೊಡ್ಡ ಮಾತನ್ನು ಲೇಖಕರು ಆಡಲಿಲ್ಲ. ಹೊರಬಂದವನು ಒಳ್ಳೆಯವನಾಗಿಲ್ಲದಿರಬಹುದು, ಒಳ್ಳೆಯ ಅಭ್ಯಾಸಗಳನ್ನಾದರೂ ಕಲಿತಿರಬಹುದು ಎಂಬಷ್ಟಕ್ಕೆ ನಿಂತರು. ಕೈದಿಗಳನ್ನು ಕಡಲಾಚೆಯ ವಸಾಹತುಗಳಿಗೆ ಸಾಗಿಸುವ ಯೋಚನೆಯನ್ನು ಖಂಡಿಸಿದರು. (ಇದೇ ಟೊಕ್ವಿಲ್ ಮುಂದೆ ಅಲ್ಜೀರಿಯಾದಲ್ಲಿ ಫ್ರೆಂಚ್ ಸೇನೆಯ ದಂಡಯಾತ್ರೆಯನ್ನು ಸಮರ್ಥಿಸಿದ ಎಂಬುದನ್ನು ಅವನ ಅಭಿಮಾನಿಗಳು ಬೇಗ ದಾಟಿಬಿಡುತ್ತಾರೆ.)

1839ರಲ್ಲಿ ಟೊಕ್ವಿಲ್ ವಲೋನ್ಯ್ ಕ್ಷೇತ್ರದಿಂದ ಸಂಸತ್ತಿಗೆ ಆರಿಸಿ ಬಂದ. ಅದೇ ವರ್ಷದ ಮೇ 10ರ ಆದೇಶದ ಮೂಲಕ ಸರ್ಕಾರ ಕೇಂದ್ರ ಜೈಲುಗಳಲ್ಲಿ ಮೌನವನ್ನು ಕಡ್ಡಾಯ ಮಾಡಿ, ವೈನ್, ತಂಬಾಕು ನಿಷೇಧಿಸಿತ್ತು. ಆಬರ್ನ್‌ನಿಂದ ಮೌನ ಮಾತ್ರ ಬಂತು. ರಾತ್ರಿಯ ಒಂಟಿ ಕೋಣೆ ಬರಲಿಲ್ಲ, ಚಾಟಿಯೂ ಬರಲಿಲ್ಲ. ನೂರಾರು ಜನ ಒಂದೇ ಹಾಲಿನಲ್ಲಿ ಮಲಗುವಾಗ ಪಿಸುಮಾತನ್ನು ನಿಲ್ಲಿಸುವವರಾರು?

ಜೈಲು ಮಸೂದೆಗಳ ಮೇಲೆ ಸಂಸತ್ತಿನ ಸಮಿತಿಯ ವರದಿ ಬರೆಯುವ ಹೊಣೆ 1840ರಲ್ಲೂ 1843ರಲ್ಲೂ ಟೊಕ್ವಿಲ್‌ಗೇ ಬಂತು. ಆ ಹೊತ್ತಿಗೆ ಅವನು ಫಿಲಡೆಲ್ಫಿಯಾ ಕಡೆ ವಾಲಿದ್ದ. ಮೌನ ಉಳಿಯಬೇಕಾದರೆ ಚಾಟಿ ಬೇಕು, ಫ್ರಾನ್ಸಿನ ಜನ ಚಾಟಿಯನ್ನು ಸಹಿಸುವುದಿಲ್ಲ; ಚಾಟಿ ಬೇಡವಾದರೆ ಗೋಡೆ ಬೇಕು. ಗೋಡೆಗೆ ದುಡ್ಡು ಹೆಚ್ಚು, ಆದರೆ ಗೋಡೆ ಯಾರನ್ನೂ ಹೊಡೆಯುವುದಿಲ್ಲ. ಹುಚ್ಚು ಹಿಡಿಯುತ್ತದೆ ಎಂಬ ಆಕ್ಷೇಪಕ್ಕೆ ಅವನ ಉತ್ತರ, ಒಂಟಿತನ ಬೇರೆ ಕೈದಿಗಳಿಂದ ಮಾತ್ರ; ಪಾದ್ರಿ, ಮೇಷ್ಟ್ರು, ವೈದ್ಯರು, ಕೆಲಸ ಕಲಿಸುವವರು ಬಂದು ಹೋಗುತ್ತಿರಬೇಕು ಎಂಬುದು. ಈ ಭೇಟಿಗಳಿಗೆ ಬೇಕಾದ ಸಿಬ್ಬಂದಿಯನ್ನು ಯಾರು ನೇಮಿಸುತ್ತಾರೆ ಎಂಬುದಕ್ಕೆ ಗಟ್ಟಿ ಉತ್ತರ ಸಿಗಲಿಲ್ಲ. ಜೈಲುಗಳ ಮಹಾ ತನಿಖಾಧಿಕಾರಿ ಶಾರ್ಲ್ ಲೂಕಾ ಕೊನೆಯವರೆಗೂ ವಿರೋಧಿಸಿದ. 1844ರ ಮೇ 18ರಂದು ಕೆಳಮನೆಯಲ್ಲಿ ಮಸೂದೆ ಗೆದ್ದಿತು. ಮೇಲ್ಮನೆಯಲ್ಲಿ ತೆವಳುತ್ತ 1847 ಕಳೆಯಿತು. 1848ರ ಫೆಬ್ರವರಿಯಲ್ಲಿ ಕ್ರಾಂತಿಯಾಗಿ ದೊರೆಯೂ ಹೋದ, ಮೇಲ್ಮನೆಯೂ ಹೋಯಿತು, ಮಸೂದೆಯೂ ಹೋಯಿತು.

ಟೊಕ್ವಿಲ್‌ನ ಉಳಿದ ರಾಜಕೀಯ ಬದುಕು ಚಿಕ್ಕದು. 1849ರಲ್ಲಿ ಐದು ತಿಂಗಳು ವಿದೇಶಾಂಗ ಸಚಿವ. 1851ರ ಡಿಸೆಂಬರ್ 2ರಂದು ಲೂಯಿ ನೆಪೋಲಿಯನ್ ಅಧಿಕಾರ ಕಸಿದಾಗ ವಿರೋಧಿಸಿದ ಸಂಸದರನ್ನು ಹಿಡಿದು ಬ್ಯಾರಕ್ಕಿಗೆ ತುಂಬಿದರು. ಟೊಕ್ವಿಲ್‌ನನ್ನು ವಿನ್ಸೆನ್ ಕೋಟೆಗೆ ಒಯ್ದು ಬೇಗನೇ ಬಿಟ್ಟರು. ಬೊಮೊಂ ಕೂಡ ಸೆರೆಯಾದ. ಅಲ್ಲಿಗೆ ರಾಜಕೀಯ ಮುಗಿಯಿತು. ಕ್ಷಯರೋಗಕ್ಕೆ ತುತ್ತಾಗಿ 1859ರ ಏಪ್ರಿಲ್ 16ರಂದು ಕಾನ್‌ನಲ್ಲಿ ತೀರಿಕೊಂಡ. ಹೊಸ ಸರ್ಕಾರ ಅವನ ಎರಡು ವಾದಗಳನ್ನೂ ಬಗ್ಗುಬಡಿದಿತ್ತು. 1853ರಲ್ಲಿ ಗೃಹಮಂತ್ರಿ ಪೆರ್ಸಿನ್ಯಿ ಸುತ್ತೋಲೆ ಹೊರಡಿಸಿ, ಒಂಟಿ ಕೋಣೆ ದುಬಾರಿ, ವಿಭಾಗ ಮಾಡಿ ಒಟ್ಟಿಗಿಟ್ಟರೆ ಸಾಕು ಎಂದ. 1854ರ ಕಾಯ್ದೆ ಕಠಿಣ ಸಜೆಯವರನ್ನು ಗಯಾನಾಕ್ಕೆ ಸಾಗಿಸಿತು.

1875ರ ಕಾಯ್ದೆ ಬಂದದ್ದು ಮೂರನೇ ಗಣರಾಜ್ಯದಲ್ಲಿ. ವಿಚಾರಣಾಧೀನರಿಗೂ ಒಂದು ವರ್ಷ ಒಂದು ದಿನದವರೆಗಿನ ಶಿಕ್ಷೆಯವರಿಗೂ ಒಂಟಿ ಕೋಣೆ. ಮೂರು ತಿಂಗಳಿಗಿಂತ ಹೆಚ್ಚಿನ ಶಿಕ್ಷೆಯನ್ನು ಹಾಗೆ ಕಳೆದರೆ ಕಾಲು ಭಾಗ ಮಾಫಿ. ಒಳ್ಳೆಯ ಕಾಯ್ದೆಯೇ. ಆದರೆ ಈ ಜೈಲುಗಳ ಕಟ್ಟಡಗಳು ಜಿಲ್ಲೆಗಳ ಆಸ್ತಿ, ಕಟ್ಟಿಸುವ ಖರ್ಚಿನ ಬಹುಪಾಲು ಜಿಲ್ಲಾ ಮಂಡಳಿಗಳದು, ಕೇಂದ್ರ ಕೊಡುತ್ತಿದ್ದದ್ದು ಒಂದಿಷ್ಟು ಸಹಾಯಧನ. ರಸ್ತೆ, ಶಾಲೆ ಬಿಟ್ಟು ಕಳ್ಳರಿಗೆ ಕೋಣೆ ಕಟ್ಟಿಸುತ್ತೇವೆ ಎಂದು ಯಾವ ಜಿಲ್ಲಾ ಸದಸ್ಯ ವೋಟು ಕೇಳಿಯಾನು? ದೇವರು ಕೊಟ್ಟರೂ ಪೂಜಾರಿ ಕೊಡ. ಪ್ಯಾರಿಸ್ಸಿನ ದಕ್ಷಿಣಕ್ಕೆ 1898ರಲ್ಲಿ ತೆರೆದ ಫ್ರೆನ್ ಜೈಲಿನಂಥ ಕೆಲವು ಎದ್ದವು, ಮಿಕ್ಕ ಕಡೆ ಹಳೆಯ ಹಾಲುಗಳೇ ಉಳಿದವು.

ಪ್ಯಾರಿಸ್ಸಿನ ಲಾ ಸಾಂತೆ ಜೈಲು ಈ ಜಗಳದ ಕಲ್ಲಿನ ದಾಖಲೆ. 1867ರಲ್ಲಿ ತೆರೆದ ಅದರಲ್ಲಿ ವಾಸ್ತುಶಿಲ್ಪಿ ವೊದ್ರೆಮೇರ್ ಒಂದು ಭಾಗವನ್ನು ಫಿಲಡೆಲ್ಫಿಯಾದಂತೆ, ಇನ್ನೊಂದನ್ನು ಆಬರ್ನ್‌ನಂತೆ ಕಟ್ಟಿದ್ದ. ತೀರ್ಮಾನವಾಗದ ವಾದವನ್ನು ಹಾಗೇ ಇಟ್ಟಿಗೆಗೆ ಇಳಿಸಿಬಿಟ್ಟಿದ್ದರು. ಆ ನಕ್ಷೆಯ ಇನ್ನೊಂದು ಕವಲು ನಮ್ಮ ಕಡಲಿಗೂ ಬಂತು. ಫಿಲಡೆಲ್ಫಿಯಾ ನೋಡಿ ಬ್ರಿಟಿಷರು ಲಂಡನ್ನಿನಲ್ಲಿ 1842ರಲ್ಲಿ ಪೆಂಟನ್‌ವಿಲ್ ಕಟ್ಟಿದರು. 1896ರಿಂದ 1906ರವರೆಗೆ ಪೋರ್ಟ್ ಬ್ಲೇರ್‌ನಲ್ಲಿ ಎದ್ದ ಸೆಲ್ಯುಲರ್ ಜೈಲಿಗೂ ನಡುವೆ ಗೋಪುರ, ಏಳು ರೆಕ್ಕೆ, ಒಂಟಿ ಕೋಣೆಗಳು. ಒಂದು ರೆಕ್ಕೆಯ ಮುಖ ಇನ್ನೊಂದರ ಬೆನ್ನಿಗೆ, ಯಾರೂ ಯಾರನ್ನೂ ನೋಡದಂತೆ. ತಿದ್ದುವ ಆಸೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಪೂರ್ತಿ ಸೋರಿಹೋಗಿತ್ತು. ಒಂಟಿ ಸೆರೆಗೆ ಭಾರತೀಯ ನ್ಯಾಯ ಸಂಹಿತೆಯ 11, 12ನೇ ಕಲಮುಗಳು ಮಿತಿ ಹಾಕುತ್ತವೆ: ಒಟ್ಟು ಮೂರು ತಿಂಗಳು ಮೀರುವಂತಿಲ್ಲ, ಒಂದು ಸಲಕ್ಕೆ 14 ದಿನ ಮೀರುವಂತಿಲ್ಲ. ಫ್ರಾನ್ಸಿನಲ್ಲಿ ಹಕ್ಕಾಗಿ ಬೇಡುವ ಒಂಟಿ ಕೋಣೆಯೂ ಇಲ್ಲಿ ಶಿಕ್ಷೆಯಾಗಿ ಕಡಿವಾಣ ಹಾಕಿರುವ ಒಂಟಿ ಸೆರೆಯೂ ಒಂದೇ ಅಲ್ಲ. ಒಂದರಲ್ಲಿ ಹಗಲು ಬಾಗಿಲು ತೆರೆಯುತ್ತದೆ, ಇನ್ನೊಂದರಲ್ಲಿ ಇಲ್ಲ.

ಈಗ ಅಳತೆಗೆ ಬರೋಣ. ಫ್ರಾನ್ಸಿನ ಜೈಲುಗಳ ಸಾಮಾನ್ಯ ಕೋಣೆ ಸುಮಾರು 9 ಚದರ ಮೀಟರ್. ಟೊಕ್ವಿಲ್ ಚೆರ್ರಿ ಹಿಲ್‌ನಲ್ಲಿ ಕಂಡ 8 ಅಡಿಗೆ 12 ಅಡಿಯ ಕೋಣೆಯೂ ಲೆಕ್ಕ ಹಾಕಿದರೆ 8.9 ಚದರ ಮೀಟರ್. ಎರಡು ಶತಮಾನದಲ್ಲಿ ಕೋಣೆ ಹಿಗ್ಗಲೂ ಇಲ್ಲ, ಕುಗ್ಗಲೂ ಇಲ್ಲ. ಒಳಗಿನ ಜನ ಮಾತ್ರ ಇಬ್ಬರು, ಮೂವರಾದರು. ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದ ಸೂತ್ರದಲ್ಲಿ ಶೌಚದ ಜಾಗವನ್ನು ಕಳೆಯಬೇಕು, ಮಂಚ ಮೇಜುಗಳ ಜಾಗವನ್ನು ಕಳೆಯುವ ಹಾಗಿಲ್ಲ. ತಲೆಗೆ 3 ಚದರ ಮೀಟರ್‌ಗಿಂತ ಕಡಿಮೆ ಬಂದರೆ ಅಮಾನವೀಯ ಎಂಬ ಬಲವಾದ ಊಹೆ. 9ರಲ್ಲಿ ಶೌಚಕ್ಕೆ ಒಂದೂವರೆ ಹೋಗಲಿ. ಇಬ್ಬರಿದ್ದರೆ 3.75, ಪಾಸು. ಮೂರನೆಯವನ ಹಾಸಿಗೆ ನೆಲಕ್ಕೆ ಬಿದ್ದ ಕ್ಷಣ 2.5. ಸಿಂಗ್ ಸಿಂಗ್‌ನ ರಾತ್ರಿಯ ಗೂಡು 2.1 ಇತ್ತಲ್ಲ, ಅದರ ಪಕ್ಕಕ್ಕೇ ಬಂದು ನಿಂತೆವು. ಸಿಂಗ್ ಸಿಂಗ್‌ನವನು ಹಗಲೆಲ್ಲ ಬಯಲಲ್ಲಿ ಇರುತ್ತಿದ್ದ. ಇಂದಿನ ಕಿಕ್ಕಿರಿದ ಜೈಲಿನಲ್ಲಿ ಕೆಲಸ ಸಿಗದವನು ದಿನದ 22 ಗಂಟೆ ಒಳಗೇ ಕಳೆಯಬೇಕಾಗುವುದುಂಟು.

ಇದೇ ಕಾರಣಕ್ಕೆ 2020ರ ಜನವರಿ 30ರಂದು ಆ ನ್ಯಾಯಾಲಯ 32 ಅರ್ಜಿದಾರರ ಪ್ರಕರಣದಲ್ಲಿ ಫ್ರಾನ್ಸ್ ತಪ್ಪಿತಸ್ಥ ಎಂದಿತು. ಫ್ರೆನ್, ನೀಮ್, ನೀಸ್, ಮಾರ್ಟಿನಿಕ್‌ನ ದುಕೋಸ್ ಜೈಲುಗಳು ಆ ಪಟ್ಟಿಯಲ್ಲಿದ್ದವು. ಕೈದಿಗೆ ದೂರು ಹೇಳಿಕೊಂಡು ಪರಿಹಾರ ಪಡೆಯುವ ದಾರಿಯೂ ಇಲ್ಲ ಎಂದಿತು ತೀರ್ಪು. 2021ರ ಏಪ್ರಿಲ್ 8ರ ಕಾಯ್ದೆ ಆ ದಾರಿ ತೆರೆಯಿತು: ಸ್ಥಿತಿ ಅಮಾನವೀಯವೆಂದು ನ್ಯಾಯಾಧೀಶರಿಗೆ ಅರ್ಜಿ, ಆಡಳಿತ ಸರಿಪಡಿಸದಿದ್ದರೆ ವರ್ಗಾವಣೆ ಅಥವಾ ಬಿಡುಗಡೆ. ತೊಡಕು ವರ್ಗಾವಣೆಯಲ್ಲಿದೆ. ಮನೆಯವರು ಬಂದು ನೋಡಲಾಗದಷ್ಟು ದೂರದ ಜೈಲಿಗೆ ಹಾಕುತ್ತಾರೆಂಬ ಹೆದರಿಕೆಗೆ ಅರ್ಜಿಯೇ ಹಾಕದವರಿದ್ದಾರೆ. ಜೊತೆಗೆ, ಒಬ್ಬ ಹೋದರೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ.

ಸರ್ಕಾರಗಳ ಮೊದಲ ಮದ್ದು ಯಾವತ್ತೂ ಕಟ್ಟಡ. 2017ರಲ್ಲಿ ಮಾಕ್ರೋಂ 15,000 ಹೊಸ ಜಾಗದ ಭರವಸೆ ಕೊಟ್ಟರು, 2027ಕ್ಕೆ ಮುಗಿಯಬೇಕಿತ್ತು. 2024ರ ಕೊನೆಗೆ ಎದ್ದದ್ದು ಸುಮಾರು ಮೂರನೇ ಒಂದು ಭಾಗ. ಜೈಲು ಬೇಕು, ನಮ್ಮೂರಲ್ಲಿ ಬೇಡ ಎಂಬ ಮೇಯರ್‌ಗಳು, ಭೂಮಿಯ ತಕರಾರು, ಏರಿದ ಸಾಮಗ್ರಿ ಬೆಲೆ. 2025ರಲ್ಲಿ ನ್ಯಾಯ ಸಚಿವ ಜೆರಾಲ್ಡ್ ದಾರ್ಮನಾಂ ಕಾರ್ಖಾನೆಯಲ್ಲಿ ಮಾಡಿ ತಂದು ಜೋಡಿಸುವ 3,000 ಜಾಗದ ಯೋಜನೆ ಮುಂದಿಟ್ಟರು. ಮಾಮೂಲಿ ಕಟ್ಟಡದ ಸುಮಾರು ಅರ್ಧ ಬೆಲೆಗೆ, ಬೇಗ ಎಂಬುದು ಅದರ ಆಕರ್ಷಣೆ. 1,600 ಡಾಲರಿನ ಕೋಣೆಯೋ 150ರದ್ದೋ ಎಂಬ ಹಳೆಯ ಚೌಕಾಸಿಯೇ.

ಕಟ್ಟದೆಯೂ ಸಂಖ್ಯೆ ಇಳಿದದ್ದು ಒಮ್ಮೆ. 2020ರ ಮಾರ್ಚ್ ನಡುವಿನಿಂದ ಮೇ ಕೊನೆಯೊಳಗೆ ಕೈದಿಗಳು 72 ಸಾವಿರದಿಂದ 59 ಸಾವಿರಕ್ಕಿಂತ ಕೆಳಗಿಳಿದರು. ಕೋವಿಡ್ಡಿನಿಂದ ಕೋರ್ಟುಗಳ ಕೆಲಸ ತಗ್ಗಿತು, ಅವಧಿಯ ಕೊನೆಯಲ್ಲಿದ್ದವರನ್ನು ಬೇಗ ಬಿಟ್ಟರು. ಇಷ್ಟೇ ಸಾಕಾಯಿತು. ಬೇಸಿಗೆ ಮುಗಿಯುತ್ತಿದ್ದಂತೆ ಅಂಕಿ ಮತ್ತೆ ಏರತೊಡಗಿತು, ಏಕೆಂದರೆ ಒಳಬರುವ ನಲ್ಲಿಯನ್ನು ಯಾರೂ ತಿರುಗಿಸಿರಲಿಲ್ಲ. ಬಂದಿಖಾನೆಗಳ ಮಹಾ ನಿಯಂತ್ರಕಿ ದೊಮಿನಿಕ್ ಸಿಮೊನೋ ಕೇಳುತ್ತ ಬಂದದ್ದು ಆ ನಲ್ಲಿಯನ್ನೇ: ಜೈಲು ಭರ್ತಿಯಾದ ಮೇಲೆ ಒಬ್ಬ ಒಳಬರಬೇಕಾದರೆ ಬಿಡುಗಡೆಗೆ ಹತ್ತಿರವಿರುವ ಒಬ್ಬನನ್ನು ನಿಗಾದಲ್ಲಿಟ್ಟು ಹೊರಬಿಡುವ ಕಡ್ಡಾಯ ನಿಯಮ. ಸರ್ಕಾರಗಳು ಇದಕ್ಕೆ ಕೈ ಹಾಕಿಲ್ಲ. 2019ರ ಕಾಯ್ದೆ ಒಂದು ತಿಂಗಳೊಳಗಿನ ಜೈಲು ಶಿಕ್ಷೆಯನ್ನು ನಿಷೇಧಿಸಿತು, ಆರು ತಿಂಗಳೊಳಗಿನದನ್ನು ಹೊರಗೇ ಅನುಭವಿಸುವಂತೆ ಮಾಡಲು ಹೊರಟಿತು. ಕೋರ್ಟುಗಳು ಕೊಡುವ ಶಿಕ್ಷೆ ಅದಕ್ಕೆ ತಕ್ಕಂತೆ ಉದ್ದವಾಯಿತು.

ಹಾಗಾದರೆ ಇವತ್ತು ಒಂಟಿ ಕೋಣೆ ಯಾರಿಗೆ? 2025ರ ಜುಲೈಯಿಂದ ಉತ್ತರದ ವಾಂದಾಂ-ಲ-ವಿಯೆಯ್ ಜೈಲಿನ ಅತಿ ಭದ್ರತಾ ವಿಭಾಗದಲ್ಲಿ ಮಾದಕವಸ್ತು ಜಾಲದ ನಾಯಕರಿಗೆ ಸಿಗುತ್ತಿದೆ, ಚೆರ್ರಿ ಹಿಲ್ಲನ್ನು ನೆನಪಿಸುವಷ್ಟು ಬಿಗಿಯಾಗಿ. 2025ರ ಅಕ್ಟೋಬರ್ 21ರಂದು ಲಾ ಸಾಂತೆಗೆ ಹೋದ ಮಾಜಿ ಅಧ್ಯಕ್ಷ ಸರ್ಕೋಜಿ ಅವರಿಗೆ, ಭದ್ರತೆಯ ಕಾರಣಕ್ಕೆ, ನವೆಂಬರ್ 10ರವರೆಗೆ ಸಿಕ್ಕಿತ್ತು. ಮಾಮೂಲಿ ವಿಚಾರಣಾಧೀನನಿಗೆ ಕಾಯ್ದೆಯ ಪುಸ್ತಕದಲ್ಲಿ ಇದೆ.

2014ರಲ್ಲಿ ಗಡುವನ್ನು ಮುಂದೂಡಿದ್ದು ಜೈಲಿನ ಕಾಯ್ದೆಯಲ್ಲ, ಪೂರಕ ಬಜೆಟ್ ಕಾಯ್ದೆಯ ಒಂದು ಕಲಮು. 2022ರಲ್ಲೂ ಹಾಗೇ, 2023ರ ಬಜೆಟ್ಟಿನ ಒಳಗೆ. ಈಗಿನ ಗಡುವಿನ ವರ್ಷವೇ ಅಧ್ಯಕ್ಷೀಯ ಚುನಾವಣೆ. ಆದ್ದರಿಂದ 2027ರ ಡಿಸೆಂಬರ್ 31ರ ನಂತರ ಏನಾಗುತ್ತದೆ ಎಂದು ತಿಳಿಯಬೇಕಾದವರು ನ್ಯಾಯ ಸಚಿವರ ಭಾಷಣಕ್ಕೆ ಕಾಯಬೇಕಿಲ್ಲ. ಆ ವರ್ಷದ ಶರತ್ಕಾಲದಲ್ಲಿ ಹೊಸ ಸರ್ಕಾರ ಮಂಡಿಸುವ ಬಜೆಟ್ ಮಸೂದೆಯ ಕೊನೆಯ ಪುಟಗಳಲ್ಲಿ, ‘2027’ ಎಂಬ ಅಂಕಿಯನ್ನು ತೆಗೆದು ಬೇರೊಂದು ಅಂಕಿ ಹಾಕತಕ್ಕದ್ದು ಎಂಬ ಒಂದು ಸಾಲು ಇದೆಯೇ ಎಂದು ಹುಡುಕಿದರೆ ಸಾಕು.